ಆ ಲಸಿಕೆ ಎಲ್ಲಿ ಸಿಗುತ್ತೆ?

ಇವತ್ತು ನಮ್ಮದೇ ತಪ್ಪಿನಿಂದ ಮಾತು ಶುರು ಮಾಡ್ತೀನಿ.

ಕಳೆದ ವಾರ ನಮ್ಮ ಪರದೆ ಮೇಲೆ ಕೆಂಪಕ್ಷರದಲ್ಲಿ ಹೊಡೆದೆವು: 'ಕ್ಯಾನ್ಸರ್‌ಗೆ ಬಂತು ಡಿಎನ್‌ಎ ಲಸಿಕೆ!' ಅರ್ಧ ಗಂಟೆಯಲ್ಲಿ ಹಾವೇರಿ ಕಡೆಯ ಹುಡುಗನೊಬ್ಬನ ಫೋನು. "ಸರ್ರ, ನಮ್ಮವ್ವಗ ಗರ್ಭಕೋಶದ ಬಾಯಿ ಕ್ಯಾನ್ಸರ್ ಐತ್ರಿ. ಸೋಮವಾರ ಕೀಮೋ. ಆ ಲಸಿಕಿ ಎಲ್ಲಿ ಸಿಗತೈತ್ರಿ? ಅದ ಸಿಗೂದಾದ್ರ ಕೀಮೋ ಒಲ್ಲೆ ಅನ್ನಾಕತ್ತಾಳ."

ನನಗೆ ಎದೆ ಧಸಕ್ಕೆಂದಿತು. ವಿಷಯ ಏನು ಅಂತ ಅವತ್ತು ರಾತ್ರಿ ಕೂತು ಓದಿದೆ.

ನೋಡಿ, ಕ್ಯಾನ್ಸರ್ ಕೋಶ ಹೊರಗಿಂದ ಬಂದ ಕಳ್ಳ ಅಲ್ಲ, ನಮ್ಮ ಮನೆಯವನೇ ಕೆಟ್ಟವನಾಗಿರೋದು. ಹಾಗಾಗಿ ದೇಹದ ಕಾವಲುಗಾರರು ಎಷ್ಟೋ ಸಲ ಅವನನ್ನ ಹಿಡಿಯೋದಿಲ್ಲ. ಡಿಎನ್‌ಎ ಲಸಿಕೆ ಮಾಡೋದು ಇಷ್ಟೇ: ಆ ಕೋಶದ ಗುರುತಿನ ಪ್ರೋಟೀನನ್ನು ತಯಾರಿಸುವ ಜೀನನ್ನು ದೇಹದೊಳಗೆ ಕಳಿಸುತ್ತದೆ. ನಮ್ಮ ಜೀವಕೋಶಗಳೇ ಅದನ್ನು ಓದಿ ಆ ಪ್ರೋಟೀನ್ ತಯಾರಿಸುತ್ತವೆ. ಟಿ-ಕೋಶಗಳು 'ಓ, ಇವನೇನಾ' ಅಂತ ಗುರುತು ಹಿಡಿಯಬೇಕು. ಇಲಿಗಳಲ್ಲಿ ಚೆನ್ನಾಗಿ ಕೆಲಸ ಮಾಡಿತು. ಮನುಷ್ಯರಲ್ಲಿ ಡಿಎನ್‌ಎ ಕೋಶದೊಳಗೆ ಸರಿಯಾಗಿ ಹೋಗೋದೇ ಕಷ್ಟವಾಯಿತು. ಅದಕ್ಕೇ ಕೆಲವು ಲಸಿಕೆಗಳ ಜೊತೆ ಸಣ್ಣ ವಿದ್ಯುತ್ ಮಿಡಿತವನ್ನೂ ಕೊಡ್ತಾರೆ.

ಇದು ಕಟ್ಟುಕತೆ ಅಲ್ಲ. ಮನುಷ್ಯರಿಗೆ ಅನುಮತಿ ಸಿಕ್ಕ ಜಗತ್ತಿನ ಮೊದಲ ಡಿಎನ್‌ಎ ಲಸಿಕೆ ನಮ್ಮ ದೇಶದ್ದೇ, 2021ರ ಝೈಕೋವ್-ಡಿ. ಆದರೆ ಅದು ಕೊರೊನಾಗೆ. ಅಮೆರಿಕದಲ್ಲಿ 2010ರಲ್ಲಿ ಕ್ಯಾನ್ಸರ್‌ನ ಡಿಎನ್‌ಎ ಲಸಿಕೆಯೊಂದಕ್ಕೆ ಪೂರ್ಣ ಪರವಾನಗಿ ಸಿಕ್ಕಿತು. ಯಾರಿಗೆ ಗೊತ್ತಾ? ನಾಯಿಗಳ ಬಾಯಿಯ ಮೆಲನೋಮಾ ಕ್ಯಾನ್ಸರ್‌ಗೆ!

ಆ ತಾಯಿಯ ಕಾಯಿಲೆಗೆ ಹತ್ತಿರದ್ದು ವಿಜಿಎಕ್ಸ್-3100. ಗರ್ಭಕಂಠದಲ್ಲಿ ಕ್ಯಾನ್ಸರ್ ಆಗುವ ಮುಂಚಿನ ಹಂತದವರ ಮೇಲೆ ಪ್ರಯೋಗ ಮಾಡಿ 2015ರಲ್ಲಿ ಫಲಿತಾಂಶ ಪ್ರಕಟಿಸಿದರು. ಲಸಿಕೆ ಪಡೆದವರಲ್ಲಿ ಸುಮಾರು 49 ಶೇಕಡಾ ಮಂದಿಗೆ ತೊಂದರೆ ತಗ್ಗಿತು. ಲಸಿಕೆಯೇ ಇಲ್ಲದ ಹುಸಿ ಚುಚ್ಚುಮದ್ದು ಪಡೆದವರಲ್ಲೂ ಸುಮಾರು 30 ಶೇಕಡಾ ಮಂದಿಗೆ ತಗ್ಗಿತು! ಲಾಭ ಇದೆ, ಪವಾಡ ಇಲ್ಲ. ಮುಂದಿನ ದೊಡ್ಡ ಪ್ರಯೋಗಗಳ ಫಲಿತಾಂಶ ಒಂದೇ ಥರ ಬರಲಿಲ್ಲ. ಮನುಷ್ಯರ ಕ್ಯಾನ್ಸರ್‌ಗೆ ಇಂಥ ಲಸಿಕೆ ಇನ್ನೂ ಪ್ರಯೋಗದಲ್ಲೇ ಇದೆ.

ಬೆಳಗ್ಗೆ ಆ ಹುಡುಗನಿಗೆ ನಾನೇ ಫೋನ್ ಮಾಡಿದೆ. "ತಮ್ಮಾ, ತಪ್ಪು ನಮ್ಮದು. ಅವ್ವನ ಕೀಮೋ ತಪ್ಪಿಸಬೇಡ. ಮನೇಲಿ ತಂಗಿ ಇದಾಳಾ?" ಹನ್ನೆರಡು ವರ್ಷದವಳು ಇದಾಳಂತೆ. "ಅವಳಿಗೆ ಎಚ್‌ಪಿವಿ ಲಸಿಕೆ ಬಗ್ಗೆ ಡಾಕ್ಟರನ್ನ ಕೇಳು. ಅದು ಬಂದ ಕ್ಯಾನ್ಸರ್ ವಾಸಿ ಮಾಡಲ್ಲ, ಬರದಂತೆ ತಡೆಯುತ್ತೆ. ಅದು ಇವತ್ತೇ ಸಿಗುತ್ತೆ."

ಸೋಮವಾರ ಅವ್ವ ಕೀಮೋಗೆ ಹೋದರು. ನಮ್ಮ ಕೆಂಪಕ್ಷರವನ್ನು ನಾವು ಅಳಿಸಬಹುದು ಸ್ವಾಮಿ, ಒಂದು ತಪ್ಪಿದ ಸೋಮವಾರವನ್ನು ಯಾರು ವಾಪಸ್ ಕೊಡ್ತಾರೆ?