ಹಂಚಿಕೊಂಡ ಚಿಹ್ನೆ, ಪರೀಕ್ಷಿಸಿದ ನಕ್ಷೆ



ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ ಹರಿದದ್ದು 1902ರಲ್ಲಿ. ಇಂದು ಮಂಡ್ಯದ ಗುತ್ತಲು, ಮದ್ದೂರು, ಮಳವಳ್ಳಿಯ ಕಡೆ ಗದ್ದೆಯ ಪಂಪ್‌ಸೆಟ್ಟು, ಆಲೆಮನೆಯ ಗಾಣ, ಅಕ್ಕಿ ಗಿರಣಿ ಎಲ್ಲಕ್ಕೂ ವಿದ್ಯುತ್ ಮೋಟಾರು ಬಂದಿದೆ. ಆದರೆ ಆ ಮೋಟಾರಿನ ಪ್ಯಾನೆಲ್ ಬೋರ್ಡಿನ ನಕ್ಷೆ ಎಲ್ಲಿದೆ ಎಂದು ಕೇಳಿ ನೋಡಿ. ಬಹುಪಾಲು ಅದು ವೈರಿಂಗ್ ಮಾಡಿದವರ ತಲೆಯಲ್ಲಿರುತ್ತದೆ. ಅವರು ಊರಿನಲ್ಲಿಲ್ಲದ ದಿನ ಮೋಟಾರು ಕೆಟ್ಟರೆ ಕಬ್ಬು ಒಣಗುತ್ತದೆ.

ನಕ್ಷೆ ಬರೆಯಲು ಈಗ ದುಬಾರಿ ತಂತ್ರಾಂಶವೇ ಬೇಕೆಂದಿಲ್ಲ. ಪ್ಯಾನೆಲ್ ವೈರಿಂಗಿಗೆ ಕ್ಯೂಎಲೆಕ್ಟ್ರೋಟೆಕ್, ಎಲೆಕ್ಟ್ರಾನಿಕ್ ಬೋರ್ಡುಗಳಿಗೆ ಕೀಕ್ಯಾಡ್ ಎಂಬ ಮುಕ್ತ ತಂತ್ರಾಂಶಗಳಿವೆ. ಕೀಕ್ಯಾಡನ್ನು ಫ್ರಾನ್ಸಿನ ಜಾನ್-ಪಿಯರ್ ಷರಾ ಅವರು 1992ರಲ್ಲಿ ಆರಂಭಿಸಿದರು. ಇವೆರಡರ ಜೀವಾಳ ಚಿಹ್ನೆಗಳ ಭಂಡಾರ. ಕಾಂಟ್ಯಾಕ್ಟರು, ರಿಲೇ, ಟ್ರಾನ್ಸಿಸ್ಟರು ಮುಂತಾದವುಗಳ ಚಿಹ್ನೆಗಳನ್ನು ನಾನಾ ದೇಶಗಳ ಬಳಕೆದಾರರೇ ಬರೆದು ಎಲ್ಲರಿಗಾಗಿ ಇಟ್ಟಿದ್ದಾರೆ. ಊರವರೆಲ್ಲ ಕೈಹಾಕಿ ಕಟ್ಟಿದ ಕೆರೆಯಂತೆ ಅದು. ನೀರು ಎಲ್ಲರದು, ಏರಿಯನ್ನು ನೋಡಿಕೊಳ್ಳುವ ಹೊಣೆಯೂ ಎಲ್ಲರದು.

ಆ ಹೊಣೆ ಏಕೆ ಎನ್ನುವುದಕ್ಕೆ ಒಂದು ಉದಾಹರಣೆ. ಗಾಣದ ಮೋಟಾರಿಗೆ ಓವರ್‌ಲೋಡ್ ರಿಲೇ ಇರುತ್ತದೆ. ಕಬ್ಬು ಸಿಕ್ಕಿಕೊಂಡು ಕರೆಂಟು ಏರಿದಾಗ ಅದರ 95-96 ಸಂಖ್ಯೆಯ ಕಾಂಟ್ಯಾಕ್ಟು ತೆರೆದು, ಕಾಂಟ್ಯಾಕ್ಟರು ಬಿಟ್ಟು, ಮೋಟಾರು ನಿಲ್ಲುತ್ತದೆ. 97-98 ಇದಕ್ಕೆ ವಿರುದ್ಧ. ಸಾಮಾನ್ಯವಾಗಿ ತೆರೆದಿದ್ದು, ರಿಲೇ ಟ್ರಿಪ್ ಆದಾಗ ಮುಚ್ಚಿ ಎಚ್ಚರಿಕೆಯ ದೀಪ ಹೊತ್ತಿಸುತ್ತದೆ. ಯಾರೋ ಬರೆದ ಚಿಹ್ನೆಯಲ್ಲಿ ಈ ಸಂಖ್ಯೆಗಳು ಅದಲು ಬದಲಾಗಿವೆ ಎಂದುಕೊಳ್ಳಿ. ನಕ್ಷೆ ನೋಡಿ ತಂತಿ ಕಟ್ಟಿದರೆ ಮೋಟಾರು ಸ್ಟಾರ್ಟೇ ಆಗದು. ಹಂಗಾಮಿನ ಅವಸರದಲ್ಲಿ ಆ ರಿಲೇಯನ್ನೇ ತಪ್ಪಿಸಿ ನೇರ ಜೋಡಿಸಿದರೆ ಮೋಟಾರೇನೋ ತಿರುಗುತ್ತದೆ, ರಕ್ಷಣೆ ಮಾತ್ರ ಹೋಗಿರುತ್ತದೆ. ಮುಂದೆ ಗಾಣ ಸಿಕ್ಕಿಕೊಂಡ ದಿನ ವೈಂಡಿಂಗ್ ಸುಟ್ಟುಹೋದೀತು.

ಟ್ರಾನ್ಸಿಸ್ಟರುಗಳಲ್ಲೂ ಇದೇ ಎಚ್ಚರ ಬೇಕು. ಚಪ್ಪಟೆ ಮುಖ ನಮ್ಮ ಕಡೆಗಿದ್ದು ಕಾಲುಗಳು ಕೆಳಗಿದ್ದಾಗ ಬಿಸಿ547ರ ಕಾಲುಗಳು ಎಡದಿಂದ ಕಲೆಕ್ಟರ್, ಬೇಸ್, ಎಮಿಟರ್. 2ಎನ್3904ರಲ್ಲಿ ಎಮಿಟರ್, ಬೇಸ್, ಕಲೆಕ್ಟರ್. ಚಿಹ್ನೆ ಎರಡಕ್ಕೂ ಒಂದೇ, ಕಾಲಿನ ಕ್ರಮ ಬೇರೆ.

ಹಾಗಾದರೆ ಏನು ಮಾಡಬೇಕು? ಮೊದಲನೆಯದಾಗಿ, ತಯಾರಕರ ಮಾಹಿತಿ ಹಾಳೆಯನ್ನು ಪಕ್ಕದಲ್ಲಿಟ್ಟುಕೊಂಡು ಒಂದೊಂದು ಟರ್ಮಿನಲ್ ಸಂಖ್ಯೆಯನ್ನೂ ಹೋಲಿಸಿ. ಎರಡನೆಯದಾಗಿ, ಚಿಹ್ನೆ ಯಾವ ಪದ್ಧತಿಯದೆಂದು ನೋಡಿ. ಅಮೆರಿಕದ ನಕ್ಷೆಗಳಲ್ಲಿ ತೆರೆದ ಕಾಂಟ್ಯಾಕ್ಟನ್ನು ಎರಡು ಸಮಾನಾಂತರ ಗೆರೆಗಳಿಂದ ತೋರಿಸುತ್ತಾರೆ. ಅಂತರರಾಷ್ಟ್ರೀಯ ಐಇಸಿ 60617 ಪದ್ಧತಿಗೆ ಒಗ್ಗಿದ ನಮ್ಮ ಕಣ್ಣಿಗೆ ಅದು ಕೆಪಾಸಿಟರಿನಂತೆ ಕಾಣುತ್ತದೆ. ಒಂದೇ ನಕ್ಷೆಯಲ್ಲಿ ಎರಡನ್ನೂ ಬೆರೆಸಬೇಡಿ. ಮೂರನೆಯದಾಗಿ, ಪರೀಕ್ಷಿಸಿದ ಚಿಹ್ನೆಗಳನ್ನು ನಿಮ್ಮದೇ ಸಂಗ್ರಹದಲ್ಲಿ ಬೇರೆಯಾಗಿಡಿ. ಕ್ಯೂಎಲೆಕ್ಟ್ರೋಟೆಕ್‌ನಲ್ಲಿ ಬಳಕೆದಾರರ ಸಂಗ್ರಹಕ್ಕೆ ಪ್ರತ್ಯೇಕ ಜಾಗವಿದೆ. ನಕ್ಷೆಗೆ ಎಳೆದುಕೊಂಡ ಚಿಹ್ನೆಯ ಒಂದು ಪ್ರತಿ ಆ ನಕ್ಷೆಯ ಕಡತದೊಳಗೇ ಉಳಿಯುವುದರಿಂದ, ಇನ್ನೊಂದು ಕಂಪ್ಯೂಟರಿನಲ್ಲೂ ಅದು ತೆರೆದುಕೊಳ್ಳುತ್ತದೆ. ಆದರೆ ಭಂಡಾರದಲ್ಲಿ ತಿದ್ದಿದ ಮಾತ್ರಕ್ಕೆ ಹಳೆಯ ನಕ್ಷೆ ತಾನಾಗಿ ಸರಿಹೋಗುವುದಿಲ್ಲ ಎಂಬುದನ್ನೂ ಮರೆಯಬಾರದು.

ಕೀಕ್ಯಾಡಿನ ಭಂಡಾರದ ಪರವಾನಗಿ ಉದಾರವಾದುದು. ಆ ಚಿಹ್ನೆಗಳನ್ನು ಬಳಸಿ ನೀವು ಮಾಡಿದ ಬೋರ್ಡನ್ನು ಮಾರಬಹುದು, ಅದರ ವಿನ್ಯಾಸವನ್ನು ಬಹಿರಂಗಪಡಿಸಬೇಕಾಗಿಲ್ಲ. ಭಂಡಾರವನ್ನೇ ತಿದ್ದಿ ಹಂಚುವುದಾದರೆ ಅದೇ ಷರತ್ತಿನ ಮೇಲೆ ಹಂಚಬೇಕು. ಇಷ್ಟಾದರೂ ಅದು ಸರಿಯಿದೆ ಎಂಬ ಖಾತರಿಯನ್ನು ಯಾರೂ ಕೊಡುವುದಿಲ್ಲ. ಖಾತರಿ ಮಾಡಿಕೊಳ್ಳಬೇಕಾದವರು ಬಳಸುವ ನಾವೇ.

ಪಾಲಿಟೆಕ್ನಿಕ್, ಐಟಿಐ ವಿದ್ಯಾರ್ಥಿಗಳು ತಮ್ಮೂರಿನ ಒಂದೊಂದು ಪ್ಯಾನೆಲ್ಲಿನ ನಕ್ಷೆ ಬರೆದು, ಅದರ ಒಂದು ಪ್ರತಿಯನ್ನು ಪೆಟ್ಟಿಗೆಯ ಬಾಗಿಲಿನ ಒಳಬದಿಗೆ ಅಂಟಿಸಲಿ. ನಕ್ಷೆಗಾಗಿ ಪೆಟ್ಟಿಗೆ ತೆರೆಯುವಾಗ ಮೇನ್ ಆಫ್ ಮಾಡಿ, ಅನುಭವಿಗಳೊಬ್ಬರನ್ನು ಜೊತೆಗಿಟ್ಟುಕೊಳ್ಳಲಿ. ಭಂಡಾರದಲ್ಲಿ ತಪ್ಪು ಕಂಡರೆ ತಿದ್ದಿ ಹಿಂದಿರುಗಿಸಲಿ. ಗುತ್ತಲಿನಲ್ಲಿ ತಿದ್ದಿದ ಒಂದು ಸಂಖ್ಯೆ ಎಲ್ಲೋ ದೂರದ ಊರಿನ ಮೋಟಾರನ್ನು ಉಳಿಸಬಲ್ಲದು.