ಹೆದ್ದಾರಿ ಅಗಲೀಕರಣ ಮತ್ತು ಗ್ರಾಮ ಪಂಚಾಯಿತಿಯ ಹೊಣೆ: ಆನಂದಪುರದ ಸಂದರ್ಭ

(ಚುನಾಯಿತ ಪ್ರತಿನಿಧಿಗಳ ಮಾಹಿತಿ ಸಭೆಯಲ್ಲಿ ಮಂಡಿಸಿದ ಉಪನ್ಯಾಸದ ಪಠ್ಯ)



ಬೆಂಗಳೂರು–ಹೊನ್ನಾವರ ರಸ್ತೆಯನ್ನು ಮಲೆನಾಡಿನ ಜನರು ಇಂದಿಗೂ ಬಿ.ಎಚ್. ರಸ್ತೆ ಎಂದೇ ಕರೆಯುತ್ತಾರೆ. ಹಿಂದೆ 206 ಎಂಬ ಸಂಖ್ಯೆಯನ್ನು ಹೊಂದಿದ್ದು ಈಗ 69 ಆಗಿರುವ ಈ ರಾಷ್ಟ್ರೀಯ ಹೆದ್ದಾರಿಯು ಶಿವಮೊಗ್ಗ, ಆಯನೂರು, ಕುಂಸಿಗಳನ್ನು ದಾಟಿ ಆನಂದಪುರದ ಮೂಲಕ ಸಾಗರವನ್ನು ತಲುಪುತ್ತದೆ. ಶಿಕಾರಿಪುರದ ರಸ್ತೆಯೂ ರಿಪ್ಪನ್‌ಪೇಟೆ, ಹೊಸನಗರಗಳ ಕಡೆಯ ರಸ್ತೆಯೂ ಇಲ್ಲಿಯೇ ಸೇರುತ್ತವೆ. ಜೋಗದ ಪ್ರವಾಸಿಗರು, ಕರಾವಳಿಯ ಸರಕು ವಾಹನಗಳು, ಸಿಗಂದೂರಿನ ಯಾತ್ರಿಕರು ಸಾಗುವ ದಾರಿಯಿದು. 2025ರ ಜುಲೈ 14ರಂದು ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಉದ್ಘಾಟನೆಯಾದ ನಂತರ ಲಾಂಚಿಗಾಗಿ ಕಾಯುವ ಅಗತ್ಯವೂ ಉಳಿದಿಲ್ಲ. ಆದುದರಿಂದ ರಸ್ತೆ ಅಗಲವಾಗಬೇಕೆಂಬ ಬೇಡಿಕೆ ಸಹಜವಾದುದೇ. ಆದರೆ ಹೆದ್ದಾರಿಯ ನಕ್ಷೆಯನ್ನು ಸಿದ್ಧಪಡಿಸುವುದು ಹಾದುಹೋಗುವ ವಾಹನಗಳ ಲೆಕ್ಕದಿಂದ. ಅಲ್ಲಿಯೇ ಬದುಕುವವರ ಲೆಕ್ಕವನ್ನು ಒದಗಿಸಬೇಕಾದುದು ಗ್ರಾಮ ಪಂಚಾಯಿತಿ. ಆ ಲೆಕ್ಕವು ನಕ್ಷೆ ಅಂತಿಮಗೊಳ್ಳುವ ಮೊದಲೇ ಸಿದ್ಧವಾಗಿರಬೇಕು ಎಂಬುದೇ ಇಂದಿನ ವಿಷಯದ ತಿರುಳು.

ರಸ್ತೆ ದಾಟುವವರ ಲೆಕ್ಕ

ದ್ವಿಪಥ ರಸ್ತೆಯ ಡಾಂಬರು ಭಾಗದ ಅಗಲ ಸಾಮಾನ್ಯವಾಗಿ 7 ಮೀಟರ್. ಸೆಕೆಂಡಿಗೆ 1 ಮೀಟರ್ ನಡೆಯುವ ವೃದ್ಧೆಯೊಬ್ಬರಿಗೆ ಅದನ್ನು ದಾಟಲು 7 ಸೆಕೆಂಡು ಬೇಕು. ಆ ಅವಧಿಯಲ್ಲಿ ಗಂಟೆಗೆ 60 ಕಿ.ಮೀ. ವೇಗದ ವಾಹನ ಸುಮಾರು 117 ಮೀಟರ್ ಮುಂದೆ ಬರುತ್ತದೆ. ಚತುಷ್ಪಥವಾಗಿ ಈ ಅಗಲ 14 ಮೀಟರಿಗೆ ಏರಿದರೆ ದಾಟುವ ಸಮಯ 14 ಸೆಕೆಂಡು. ವಾಹನ ಕ್ರಮಿಸುವ ದೂರ ಸುಮಾರು 233 ಮೀಟರ್. ಹಿಂದೆ ದೂರದಲ್ಲಿದೆ ಎಂದು ಭಾವಿಸಬಹುದಾಗಿದ್ದ ವಾಹನವೇ ಈಗ ಅಪಾಯವಾಗುತ್ತದೆ. ಅಲ್ಲದೆ ವೇಗವು 40ರಿಂದ 60 ಕಿ.ಮೀ.ಗೆ ಏರಿದಾಗ ವಾಹನದ ಚಲನ ಶಕ್ತಿ ಎರಡೂಕಾಲು ಪಟ್ಟಾಗುತ್ತದೆ.

ಇದಕ್ಕೆ ಪರಿಹಾರವೂ ನಕ್ಷೆಯಲ್ಲಿಯೇ ಇದೆ. ಜನರು ನಿಂತು ಸಾವರಿಸಿಕೊಳ್ಳಬಹುದಾದಷ್ಟು ಅಗಲದ ವಿಭಜಕವಿದ್ದರೆ 14 ಸೆಕೆಂಡಿನ ದಾಟುವಿಕೆ 7 ಸೆಕೆಂಡಿನ ಎರಡು ಹಂತಗಳಾಗುತ್ತದೆ. ಶಾಲೆ, ಆಸ್ಪತ್ರೆ, ಬಸ್ ನಿಲುಗಡೆ, ಸಂತೆಗೆ ಹೋಗುವ ಜನರು ಈಗ ಎಲ್ಲಿ ದಾಟುತ್ತಾರೆಯೋ ಅಲ್ಲಿಯೇ ದಾಟುವ ಸ್ಥಳ ಗುರುತಾಗಬೇಕು. ವಿಭಜಕದ ತೆರವು ದೂರವಿದ್ದಲ್ಲಿ ದ್ವಿಚಕ್ರ ಸವಾರರು ಎದುರು ದಿಕ್ಕಿನಲ್ಲಿ ಚಲಿಸತೊಡಗುತ್ತಾರೆ. ಇದನ್ನು ಕೇವಲ ಶಿಸ್ತಿನ ಕೊರತೆಯೆಂದು ತಳ್ಳಿಹಾಕದೆ ವಿನ್ಯಾಸದ ಕೊರತೆಯೆಂದೂ ಪರಿಗಣಿಸಬೇಕು.

ಮಳೆನೀರಿನ ಲೆಕ್ಕ

7 ಮೀಟರ್ ಅಗಲದ ರಸ್ತೆಯ 1 ಕಿ.ಮೀ. ಉದ್ದದ ಮೇಲೆ 100 ಮಿ.ಮೀ. ಮಳೆ ಬಿದ್ದರೆ ಅದು 7 ಲಕ್ಷ ಲೀಟರ್ ನೀರು. ಅಗಲ ಇಮ್ಮಡಿಯಾದರೆ 14 ಲಕ್ಷ ಲೀಟರ್. ಮಲೆನಾಡಿನಲ್ಲಿ ಇಂತಹ ಮಳೆ ಅಪರೂಪವಲ್ಲ. ಹಳೆಯ ಡಾಂಬರಿನ ಮೇಲೆ ಹೊಸ ಪದರಗಳು ಸೇರಿ ರಸ್ತೆ ಎತ್ತರವಾದಂತೆ ಪಕ್ಕದ ಮನೆಗಳ ಹೊಸ್ತಿಲು ತಗ್ಗಿನಲ್ಲಿ ಉಳಿಯುತ್ತದೆ. ಆದ್ದರಿಂದ ಚರಂಡಿಯ ಉದ್ದವನ್ನಷ್ಟೇ ಕೇಳಿದರೆ ಸಾಲದು. ಅದರ ಇಳಿಜಾರು, ಅದು ಸೇರುವ ಹಳ್ಳ ಅಥವಾ ಕೆರೆ, ಮನೆಗಳ ಅಡಿಪಾಯದ ಮಟ್ಟ ಇವೆಲ್ಲವೂ ದಾಖಲಾಗಬೇಕು. ರಸ್ತೆಯಂಚಿನಲ್ಲಿರುವ ಕುಡಿಯುವ ನೀರಿನ ಕೊಳವೆಗಳ ನಕ್ಷೆಯನ್ನೂ ಅಗೆತಕ್ಕೆ ಮುನ್ನವೇ ಒದಗಿಸಬೇಕು.

ಮನೆ, ಅಂಗಡಿಗಳ ಲೆಕ್ಕ

ಭೂಸ್ವಾಧೀನವು ರಾಷ್ಟ್ರೀಯ ಹೆದ್ದಾರಿಗಳ ಅಧಿನಿಯಮ, 1956ರಂತೆ ನಡೆಯುತ್ತದೆ. 3ಎ ಪ್ರಕರಣದ ಅಧಿಸೂಚನೆ ಪ್ರಕಟವಾದ ದಿನದಿಂದ 21 ದಿನಗಳೊಳಗೆ ಸಕ್ಷಮ ಪ್ರಾಧಿಕಾರಕ್ಕೆ ಲಿಖಿತ ಆಕ್ಷೇಪಣೆ ಸಲ್ಲಿಸಬೇಕು. 3ಡಿ ಘೋಷಣೆ ಹೊರಬಿದ್ದ ಮೇಲೆ ಭೂಮಿ ಕೇಂದ್ರ ಸರ್ಕಾರದಲ್ಲಿ ನಿಹಿತವಾಗುತ್ತದೆ. ಪರಿಹಾರವನ್ನು 2013ರ ಭೂಸ್ವಾಧೀನ ಕಾಯ್ದೆಯ ಮೊದಲ ಅನುಸೂಚಿಯಂತೆ ನಿರ್ಧರಿಸಲಾಗುತ್ತದೆ. ಮೊತ್ತ ಒಪ್ಪಿಗೆಯಾಗದಿದ್ದಲ್ಲಿ ಮಧ್ಯಸ್ಥಗಾರರ ಮುಂದೆ ಹೋಗಲು ಅವಕಾಶವಿದೆ.

ಆದರೆ ಈ ಹಕ್ಕುಗಳನ್ನು ಸಾಧಿಸಲು ದಾಖಲೆ ಬೇಕು. ಸಾಗರ, ಹೊಸನಗರ ತಾಲ್ಲೂಕುಗಳಿಗೆ ಈ ಮಾತನ್ನು ವಿವರಿಸಬೇಕಿಲ್ಲ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಪೂರ್ಣಗೊಂಡಾಗ ಮನೆ, ತೋಟಗಳನ್ನು ಬಿಟ್ಟುಬಂದ ಅನೇಕ ಕುಟುಂಬಗಳ ಹಕ್ಕುಪತ್ರದ ಪ್ರಶ್ನೆ ಆರು ದಶಕಗಳ ನಂತರವೂ ಬಗೆಹರಿದಿಲ್ಲ. ನಾಡಿಗೆ ಬೆಳಕು ನೀಡಿದವರ ಕೈಯಲ್ಲಿ ಕಾಗದವಿರಲಿಲ್ಲ. ರಸ್ತೆಯ ವಿಷಯದಲ್ಲಿ ಅದು ಮರುಕಳಿಸಬಾರದು. ಮನೆ ತನ್ನ ಸ್ವಂತ ನಿವೇಶನದಲ್ಲಿದೆಯೋ ಹೆದ್ದಾರಿಯ ಗಡಿಯೊಳಗಿದೆಯೋ ಎಂಬುದು ಜಂಟಿ ಮೋಜಣಿಯಲ್ಲಿ ತೀರ್ಮಾನವಾಗುತ್ತದೆ. ಆ ದಿನ ಮಾಲೀಕರೂ ಪಂಚಾಯಿತಿಯ ಪ್ರತಿನಿಧಿಯೂ ಸ್ಥಳದಲ್ಲಿರುವುದು ಅವಶ್ಯ. ಬಾಡಿಗೆ ಅಂಗಡಿಯವರು, ಗೂಡಂಗಡಿಯ ಮಹಿಳೆಯರು ಭೂದಾಖಲೆಗಳಲ್ಲಿ ಕಾಣಿಸುವುದಿಲ್ಲ. ಅವರ ಹೆಸರುಗಳು ಪಂಚಾಯಿತಿಯ ಪಟ್ಟಿಯಲ್ಲಾದರೂ ಇರಬೇಕು.

ಕೈಗೊಳ್ಳಬೇಕಾದ ಕ್ರಮಗಳು

1. ಹೆದ್ದಾರಿ ಬದಿಯ ಪ್ರತಿ ಸ್ವತ್ತಿನ ಇ-ಸ್ವತ್ತು ನಮೂನೆ 9 ಮತ್ತು 11ರ ಸ್ಥಿತಿಯನ್ನು ಪರಿಶೀಲಿಸಿ, ಬಾಕಿಯಿರುವ ಅರ್ಜಿಗಳನ್ನು ಇತ್ಯರ್ಥಪಡಿಸುವುದು.

2. ದಾಟುವ ಸ್ಥಳ, ಚರಂಡಿ, ಕೊಳವೆ ಮಾರ್ಗ, ಹಳೆಯ ಮರಗಳು ಹಾಗೂ ವ್ಯಾಪಾರಿಗಳನ್ನು ಒಳಗೊಂಡ ನಕ್ಷೆ ಮತ್ತು ಪಟ್ಟಿಯನ್ನು ವಾರ್ಡ್ ಸಭೆಗಳಲ್ಲಿ ಸಿದ್ಧಪಡಿಸುವುದು.

3. ಅವುಗಳನ್ನು ಗ್ರಾಮ ಸಭೆಯ ನಿರ್ಣಯದೊಂದಿಗೆ ಹೆದ್ದಾರಿ ವಿಭಾಗಕ್ಕೂ ಸಕ್ಷಮ ಪ್ರಾಧಿಕಾರಕ್ಕೂ ಕಳುಹಿಸಿ ಸ್ವೀಕೃತಿ ಪಡೆಯುವುದು.

4. ಅಧಿಸೂಚನೆ ಪ್ರಕಟವಾದ ದಿನವೇ ಅದರ ಪ್ರತಿಯನ್ನು ಸೂಚನಾ ಫಲಕದಲ್ಲಿ ಹಾಕಿ, 21 ದಿನಗಳ ಕೊನೆಯ ದಿನಾಂಕವನ್ನು ದೊಡ್ಡ ಅಕ್ಷರಗಳಲ್ಲಿ ಬರೆಯುವುದು.

ಹೆದ್ದಾರಿಯ ವಿನ್ಯಾಸ ಪಂಚಾಯಿತಿಯ ಅಧಿಕಾರಕ್ಕೆ ಸೇರಿದ್ದಲ್ಲ. ಆದರೆ ಅಳತೆ, ಹೆಸರು ಮತ್ತು ದಿನಾಂಕಗಳಿರುವ ನಿರ್ಣಯವನ್ನು ಕಡೆಗಣಿಸುವುದು, ಬರಿಯ ಮನವಿಯನ್ನು ಕಡೆಗಣಿಸಿದಷ್ಟು ಸುಲಭವಲ್ಲ. ಅಂತಹ ನಿರ್ಣಯವನ್ನು ಸಿದ್ಧಪಡಿಸುವ ಕಾರ್ಯ ಮುಂದಿನ ವಾರ್ಡ್ ಸಭೆಯಿಂದಲೇ ಆರಂಭವಾಗಲಿ.