ನಿಸ್ತಂತು ಮಾತು: ಕಳಿಸಿದರೆ ಸಾಲದು, ಮುಟ್ಟಬೇಕು

(ಸಂಘದ ತಿಂಗಳ ಸಭೆಯಲ್ಲಿ ಮಾಡಿದ ಭಾಷಣ)



ರಾತ್ರಿ ಹನ್ನೊಂದು ದಾಟಿದೆ. ಹಗಲೆಲ್ಲ ನಿಂತ ಕಾಲು ಈಗ ಚಾಪೆ ಹುಡುಕುವ ಹೊತ್ತು. ಇಂಥ ಹೊತ್ತಿನಲ್ಲಿ ರೇಡಿಯೋ, ಉಪಗ್ರಹ ಎಂಬ ವಿಷಯ ಕೇಳಲು ತಾವು ಬಂದು ಕುಳಿತಿರುವುದೇ ದೊಡ್ಡ ಮಾತು. ನಾನು ವಿಜ್ಞಾನಿಯಲ್ಲ. ಏಳನೆಯ ತರಗತಿ ಮುಗಿಸಿ ಮುಂಬಯಿಗೆ ಬಂದು, ಲೋಟ ತೊಳೆದು, ಮೇಜು ಒರಸಿ, ಮಾಣಿಯಾಗಿ, ಈಗ ಸಂಘದ ಕೆಲಸ ನೋಡುತ್ತಿರುವವನು. ಬಲ್ಲವರನ್ನು ಕೇಳಿ, ಪುಸ್ತಕ ಓದಿ ತಿಳಿದುಕೊಂಡಷ್ಟನ್ನು ತಮ್ಮ ಮುಂದೆ ಇಡುತ್ತೇನೆ.

ಈ ವಿಷಯ ನನಗೆ ಏಕೆ ಹತ್ತಿತು ಎಂಬುದನ್ನು ಮೊದಲು ಹೇಳಬೇಕು. ೨೦೧೭ರ ನವೆಂಬರ್ ಕೊನೆಗೆ ಒಖಿ ಎಂಬ ಚಂಡಮಾರುತ ಎದ್ದಿತು. ಎಚ್ಚರಿಕೆ ಹೊರಡುವ ಹೊತ್ತಿಗೆ ಎಷ್ಟೋ ದೋಣಿಗಳು ಆಗಲೇ ಆಳ ಸಮುದ್ರದಲ್ಲಿದ್ದವು. ಕನ್ಯಾಕುಮಾರಿ, ತಿರುವನಂತಪುರದ ಕಡೆಯ ನೂರಾರು ಮೀನುಗಾರರು ಸತ್ತರು, ಕಾಣೆಯಾದರು. ಅದೇ ಚಂಡಮಾರುತ ಬಡಗಣಕ್ಕೆ ಸರಿದು ಡಿಸೆಂಬರ್ ಮೊದಲ ವಾರ ಮುಂಬಯಿಯಲ್ಲೂ ಮಳೆ ಸುರಿಸಿತು. ಆಗ ನಾನು ಹೋಟೆಲಿನ ಕೆಲಸದಲ್ಲೇ ಇದ್ದೆ. ನನ್ನ ಅಕ್ಕನ ಗಂಡ ಮಲ್ಪೆಯಿಂದ ಬೋಟು ಹತ್ತಿ ಹೋಗಿ ವಾರವಾಗಿತ್ತು. ಅಕ್ಕ ಊರಿನಿಂದ ಫೋನು ಮಾಡಿ ಅತ್ತಳು. ಗಿರಾಕಿಗಳ ನಡುವೆ ಬಿಡುವು ಸಿಕ್ಕಾಗಲೆಲ್ಲ ಭಾವನ ನಂಬರು ಒತ್ತುತ್ತಿದ್ದೆ. ಮೂರು ದಿನ ಒಂದೇ ಉತ್ತರ: ಸಂಪರ್ಕ ಸಿಗುತ್ತಿಲ್ಲ. ನಾಲ್ಕನೆಯ ದಿನ ಕೊಂಕಣದ ಒಂದು ಬಂದರಿನಿಂದ ಅವರೇ ಮಾತನಾಡಿದರು. ಗಾಳಿಯ ಬಣ್ಣ ನೋಡಿ ತಾಂಡೇಲರು ದಡದ ಕಡೆ ತಿರುಗಿಸಿದ್ದರಂತೆ. ಎಚ್ಚರಿಕೆಯ ಒಂದು ಮಾತೂ ಅವರಿಗೆ ಮುಟ್ಟಿರಲಿಲ್ಲ.

ಆ ದಿನ ನನಗೊಂದು ಪ್ರಶ್ನೆ ಹುಟ್ಟಿತು. ಇದೇ ಫೋನಿನಿಂದ ನಾನು ದುಬಾಯಿಯಲ್ಲಿರುವ ಗೆಳೆಯನೊಡನೆ ಮಾತನಾಡುತ್ತೇನೆ. ದುಬಾಯಿಗೆ ಮುಟ್ಟುವ ಮಾತು ಮಲ್ಪೆಯ ಎದುರಿನ ಕಡಲಿಗೆ ಏಕೆ ಮುಟ್ಟಲಿಲ್ಲ? ಇಂದಿನ ನನ್ನ ಭಾಷಣವೆಲ್ಲ ಈ ಒಂದು ಪ್ರಶ್ನೆಯ ಉತ್ತರವೇ.

ಮೊದಲು ಅಲೆಯ ವಿಚಾರ. ತಂತಿಯೊಳಗೆ ವಿದ್ಯುತ್ತು ಹಿಂದೆ ಮುಂದೆ ಅತಿ ವೇಗದಿಂದ ತೂಗಾಡಿದರೆ ಅದರ ಸುತ್ತಲಿನಿಂದ ಅಲೆ ಹೊರಡುತ್ತದೆ. ಕೆರೆಯ ನೀರಿನಲ್ಲಿ ಕೈಯಾಡಿಸಿದಂತೆ ಎನ್ನಬಹುದು. ಆದರೆ ಈ ಅಲೆಗೆ ನೀರೂ ಬೇಡ, ಗಾಳಿಯೂ ಬೇಡ. ಇದು ಬೆಳಕಿನ ಜಾತಿಯದು. ಸೆಕೆಂಡಿಗೆ ಸುಮಾರು ೩ ಲಕ್ಷ ಕಿಲೋಮೀಟರು ಓಡುತ್ತದೆ. ಇಂಥ ಅಲೆ ಇರಲೇಬೇಕೆಂದು ಮ್ಯಾಕ್ಸ್‌ವೆಲ್ ಎಂಬ ಪಂಡಿತರು ೧೮೬೫ರಲ್ಲಿ ಲೆಕ್ಕದಿಂದ ತೋರಿಸಿದರು. ೧೮೮೮ರ ಹೊತ್ತಿಗೆ ಜರ್ಮನಿಯ ಹರ್ಟ್ಸ್ ಪ್ರಯೋಗದಿಂದ ತೋರಿಸಿದರು. ನಮ್ಮ ಜಗದೀಶಚಂದ್ರ ಬೋಸರು ೧೮೯೫ರಲ್ಲಿ ಕಲ್ಕತ್ತೆಯಲ್ಲಿ ಗೋಡೆಯ ಆಚೆಗೆ ಈ ಅಲೆಯನ್ನು ಕಳಿಸಿ ಗಂಟೆ ಬಾರಿಸಿದರು, ಸಿಡಿಮದ್ದು ಹೊತ್ತಿಸಿದರು.

ಸೆಕೆಂಡಿಗೆ ಎಷ್ಟು ಸಲ ತೂಗಾಡುತ್ತದೆಂಬುದೇ ಕಂಪನ ಸಂಖ್ಯೆ. ಹತ್ತು ಲಕ್ಷ ಸಲ ತೂಗಾಡಿದರೆ ಒಂದು ಅಲೆಯ ಉದ್ದ ೩೦೦ ಮೀಟರು. ಅದು ಮಧ್ಯಮ ತರಂಗ. ಹತ್ತು ಕೋಟಿ ಸಲವಾದರೆ ಉದ್ದ ೩ ಮೀಟರು. ಅದು ಎಫ್.ಎಂ. ಮೊಬೈಲಿನ ಅಲೆ ಒಂದು ಗೇಣಿನ ಆಸುಪಾಸು. ಕಂಪನ ಹೆಚ್ಚಿದಷ್ಟೂ ಅಲೆ ಗಿಡ್ಡ. ಇದೊಂದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಇನ್ನು, ಬರಿಯ ಅಲೆಯೆಂದರೆ ಖಾಲಿ ಟ್ರೇ ಇದ್ದ ಹಾಗೆ. ಟ್ರೇ ಎಷ್ಟು ಓಡಾಡಿದರೂ ಗಿರಾಕಿಯ ಹೊಟ್ಟೆ ತುಂಬುವುದಿಲ್ಲ. ಅದರ ಮೇಲೆ ತಿಂಡಿ ಇಡಬೇಕು. ಅಲೆಯ ಮೇಲೆ ಮಾತನ್ನು ಹೇರುವುದೂ ಹಾಗೆಯೇ. ಧ್ವನಿಗೆ ತಕ್ಕಂತೆ ಅಲೆಯ ಎತ್ತರವನ್ನು ಏರಿಳಿಸುವುದು ಮಧ್ಯಮ ತರಂಗದ ರೀತಿ. ಕಂಪನವನ್ನೇ ಕೊಂಚ ಏರಿಳಿಸುವುದು ಎಫ್.ಎಂ. ರೀತಿ. ಮಾತನ್ನು ಅಂಕಿಗಳಾಗಿ ಒಡೆದು ಕಳಿಸುವುದು ಇಂದಿನ ಮೊಬೈಲಿನ ರೀತಿ. ಆಚೆಯ ಯಂತ್ರ ತಿಂಡಿಯನ್ನು ಇಳಿಸಿಕೊಂಡು ಟ್ರೇಯನ್ನು ಬಿಟ್ಟುಬಿಡುತ್ತದೆ. ನೂರು ಕೇಂದ್ರಗಳು ಒಟ್ಟಿಗೆ ಕೂಗುತ್ತಿದ್ದರೂ ನಮ್ಮ ರೇಡಿಯೋ ಒಂದನ್ನೇ ಆರಿಸಿಕೊಳ್ಳುವುದು ಕಂಪನ ಸಂಖ್ಯೆಯ ಗುರುತಿನಿಂದ. ಹತ್ತು ಮಾಣಿಗಳು ಒಮ್ಮೆಲೇ ಕೂಗಿದರೂ ಅಡಿಗೆ ಭಟ್ಟರು ತಮ್ಮ ಪಾಲಿನ ದನಿಯನ್ನು ಹಿಡಿಯುವುದಿಲ್ಲವೇ?

ಈಗ ತೊಡಕಿನ ಜಾಗಕ್ಕೆ ಬಂದೆವು. ಗಿಡ್ಡ ಅಲೆ ಬೆಳಕಿನಂತೆ ನೇರವಾಗಿ ಹೋಗುತ್ತದೆ. ಭೂಮಿಯೋ ಗುಂಡಗಿದೆ. ಕಡಲಿಗೆ ಹೋದ ಹಡಗಿನ ಒಡಲು ಮೊದಲು ಮರೆಯಾಗಿ ಕೂವೆಮರ ಕೊನೆಗೆ ಮರೆಯಾಗುವುದನ್ನು ಕರಾವಳಿಯವರಾದ ನಾವು ಕಂಡಿದ್ದೇವೆ. ಗೋಪುರದ ಅಲೆಗೂ ದೋಣಿ ಹಾಗೆಯೇ ಮರೆಯಾಗುತ್ತದೆ. ಲೆಕ್ಕ ಹೀಗಿದೆ: ದಡದಲ್ಲಿ ೫೦ ಮೀಟರು ಎತ್ತರದ ಗೋಪುರ, ದೋಣಿಯಲ್ಲಿ ನೀರಿನಿಂದ ೪ ಮೀಟರು ಎತ್ತರದಲ್ಲಿ ಹಿಡಿದ ಫೋನು. ಇವೆರಡೂ ಒಂದನ್ನೊಂದು ಕಾಣುವುದು ಸುಮಾರು ೩೭ ಕಿಲೋಮೀಟರಿನ ತನಕ. ಆಮೇಲೆ ನೀರಿನ ಗುಡ್ಡ ಅಡ್ಡ ಬರುತ್ತದೆ. ಗೋಪುರವನ್ನು ಎತ್ತರಿಸೋಣವೆಂದರೆ, ನಾಲ್ಕರಷ್ಟು ಎತ್ತರಿಸಿದರೆ ಅದರ ನೋಟ ಎರಡರಷ್ಟು ಮಾತ್ರ ಬೆಳೆಯುತ್ತದೆ. ಆಳ ಸಮುದ್ರದ ಬೋಟುಗಳೋ ನೂರಾರು ಕಿಲೋಮೀಟರು ಹೋಗುತ್ತವೆ.

ಹಾಗಾದರೆ ದುಬಾಯಿಗೆ ಮಾತು ಹೋದದ್ದು ಹೇಗೆ? ಮೊಬೈಲು ಆಕಾಶದ ಉಪಗ್ರಹದೊಡನೆ ಮಾತನಾಡುತ್ತದೆಂದು ನಮ್ಮಲ್ಲಿ ಅನೇಕರ ನಂಬಿಕೆ. ನಾನೂ ಹಾಗೆಯೇ ತಿಳಿದಿದ್ದೆ. ನಿಜವೆಂದರೆ ಸಾಮಾನ್ಯ ಮೊಬೈಲಿನ ಅಲೆ ಹತ್ತಿರದ ಗೋಪುರದ ತನಕ ಮಾತ್ರ. ಅಲ್ಲಿಂದ ಮುಂದೆ ನೆಲದೊಳಗಿನ ಕೇಬಲು, ಸಮುದ್ರದ ತಳದ ಕೇಬಲು, ಕೊನೆಗೆ ದುಬಾಯಿಯ ಒಂದು ಗೋಪುರ. ನಮ್ಮ ಭಾವನ ಸುತ್ತ ಗೋಪುರವಿರಲಿಲ್ಲ. ಇಷ್ಟೇ ಸಂಗತಿ.

ಗುಂಡಗಿನ ಭೂಮಿಯನ್ನು ದಾಟಲು ಜನ ಎರಡು ದಾರಿ ಕಂಡುಕೊಂಡರು. ಒಂದು, ಆಕಾಶದ ಚಾವಣಿ. ೧೯೦೧ರ ಡಿಸೆಂಬರ್ ೧೨ರಂದು ಮಾರ್ಕೋನಿ ಇಂಗ್ಲೆಂಡಿನಿಂದ ಹೊರಟ ಸಂಕೇತವನ್ನು ಅಟ್ಲಾಂಟಿಕ್ ಸಾಗರದಾಚೆ ನ್ಯೂಫೌಂಡ್‌ಲೆಂಡಿನಲ್ಲಿ ಕೇಳಿದುದಾಗಿ ಸಾರಿದರು. ವಾಯುಮಂಡಲದ ಮೇಲೆ ವಿದ್ಯುದಾವೇಶದ ಪದರವೊಂದಿದೆ, ಉದ್ದದ ಅಲೆಗಳನ್ನು ಅದು ಕೆಳಕ್ಕೆ ಬಗ್ಗಿಸುತ್ತದೆ ಎಂದು ಮರುವರ್ಷ ಇಬ್ಬರು ಪಂಡಿತರು ಬೇರೆ ಬೇರೆಯಾಗಿ ಸೂಚಿಸಿದರು. ದೂರದೇಶದ ರೇಡಿಯೋ ನಮಗೆ ಕೇಳಿಸುವುದು ಇದರಿಂದಲೇ. ಆದರೆ ಈ ಚಾವಣಿ ಹಗಲೊಂದು ಬಗೆ, ರಾತ್ರಿಯೊಂದು ಬಗೆ. ಅದನ್ನೇ ನೆಚ್ಚಿ ಕೂರುವಂತಿಲ್ಲ. ಎಫ್.ಎಂ.ನಂಥ ಗಿಡ್ಡ ಅಲೆಗಳಂತೂ ಸಾಮಾನ್ಯವಾಗಿ ಅದನ್ನು ತೂರಿಕೊಂಡು ಹೊರಗೇ ಹೋಗಿಬಿಡುತ್ತವೆ.

ಹೊರಗೆ ಹೋಗುವುದಾದರೆ ಹೊರಗೇ ಒಂದು ಗೋಪುರ ಕಟ್ಟಿದರೇನು? ಇದೇ ಎರಡನೆಯ ದಾರಿ. ೧೯೪೫ರ ಅಕ್ಟೋಬರಿನಲ್ಲಿ ಆರ್ಥರ್ ಕ್ಲಾರ್ಕ್ ಎಂಬವರು ಒಂದು ರೇಡಿಯೋ ಪತ್ರಿಕೆಯಲ್ಲಿ ಈ ಯೋಜನೆ ಬರೆದರು. ಸಮಭಾಜಕದ ಮೇಲೆ ೩೫,೭೮೬ ಕಿಲೋಮೀಟರು ಎತ್ತರದಲ್ಲಿ ಉಪಗ್ರಹವಿಟ್ಟರೆ ಅದು ಭೂಮಿಯ ಜೊತೆಗೆ ದಿನಕ್ಕೊಂದು ಸುತ್ತು ಹಾಕುತ್ತದೆ. ನಮ್ಮ ಕಣ್ಣಿಗೆ ನಿಂತಲ್ಲೇ ನಿಂತಂತೆ. ಅಂಥ ಮೂರಿದ್ದರೆ ಧ್ರುವಗಳ ಸುತ್ತನ್ನು ಬಿಟ್ಟು ಭೂಮಿಯೆಲ್ಲ ಕಾಣುತ್ತದೆ. ೧೯೬೪ರಲ್ಲಿ ಅಮೆರಿಕದ ಸಿಂಕಾಂ-೩ ಹಾಗೆ ನಿಂತ ಮೊದಲನೆಯದು. ೧೯೭೫-೭೬ರಲ್ಲಿ ಅಮೆರಿಕದ ಒಂದು ಉಪಗ್ರಹವನ್ನು ಎರವಲು ಪಡೆದು ನಮ್ಮ ದೇಶದ ಸುಮಾರು ೨,೪೦೦ ಹಳ್ಳಿಗಳಿಗೆ ಟೆಲಿವಿಷನ್ ಕಳಿಸಿದರು. ಕರ್ನಾಟಕದ ಹಳ್ಳಿಗಳೂ ಅದರಲ್ಲಿದ್ದವು. ೧೯೮೨ರಿಂದ ಇನ್ಸಾಟ್ ಉಪಗ್ರಹಗಳ ಮುಖ್ಯ ನಿಯಂತ್ರಣ ಕೇಂದ್ರ ನಮ್ಮ ಹಾಸನದಲ್ಲಿದೆ.

ಉಪಗ್ರಹದ ಕೆಲಸ ಮೂರೇ: ಕೆಳಗಿನಿಂದ ಬಂದ ಕ್ಷೀಣ ಅಲೆಯನ್ನು ಹಿಡಿಯುವುದು, ಬಲಪಡಿಸುವುದು, ಕಂಪನ ಬದಲಿಸಿ ಕೆಳಕ್ಕೆ ಕಳಿಸುವುದು. ಕಂಪನ ಬದಲಿಸುವುದೇಕೆ? ದೊಡ್ಡ ಹೋಟೆಲಿನ ಅಡಿಗೆಮನೆಗೆ ಒಳಹೋಗುವ ಬಾಗಿಲು ಬೇರೆ, ಹೊರಬರುವ ಬಾಗಿಲು ಬೇರೆ. ಒಂದೇ ಬಾಗಿಲಾದರೆ ಡಿಕ್ಕಿ ತಪ್ಪದು. ಅಲ್ಲಿಯೂ ಇದೇ ಏರ್ಪಾಡು. ಇದಕ್ಕೆ ಬೇಕಾದ ಶಕ್ತಿ ಸೂರ್ಯನ ಬೆಳಕಿನಿಂದ. ಅಲೆ ಹತ್ತಿ ಇಳಿಯಲು ಸುಮಾರು ಕಾಲು ಸೆಕೆಂಡು.

ಬಂಧುಗಳೇ, ಇಲ್ಲಿಯವರೆಗಿನದು ವಿಜ್ಞಾನ. ಇನ್ನು ನಮ್ಮ ಮನೆಯ ಮಾತು. ಕಡಲಿಗೆ ಹೋಗುವ ಯಂತ್ರಗಳಲ್ಲಿ ಮೂರು ಬಗೆ: ಕೇಳುವವು, ಹೇಳುವವು, ಎರಡೂ ಬಲ್ಲವು. ಈ ಭೇದ ತಿಳಿಯದಿದ್ದರೆ ಜೀವಕ್ಕೆ ಅಪಾಯ.

ಮೊಬೈಲಿನ ಜಿ.ಪಿ.ಎಸ್. ಕೇಳುವುದು ಮಾತ್ರ. ಉಪಗ್ರಹಗಳು ಸಮಯವನ್ನು ಸಾರುತ್ತವೆ. ಯಾವುದರ ಸಾರಣೆ ಎಷ್ಟು ತಡವಾಗಿ ಮುಟ್ಟಿತೆಂದು ಲೆಕ್ಕ ಹಾಕಿ ಫೋನು ತಾನಿರುವ ಜಾಗ ತಿಳಿಯುತ್ತದೆ. ಗೋಪುರವಿಲ್ಲದ ಕಡಲಲ್ಲಿ ಅದನ್ನು ಇನ್ನೊಬ್ಬರಿಗೆ ಹೇಳಲು ಅದಕ್ಕೆ ಬಾಯಿಲ್ಲ. ಒಖಿಯ ಅನಂತರ ೨೦೧೯ರಲ್ಲಿ ಬಂದ ಜೆಮಿನಿ ಎಂಬ ಪೆಟ್ಟಿಗೆಯೂ ಉಪಗ್ರಹದಿಂದ ಹವೆಯ ಎಚ್ಚರಿಕೆಯನ್ನು ಕೇಳುತ್ತದೆ, ಉತ್ತರಿಸುವುದಿಲ್ಲ. ೨೦೧೦ರಿಂದ ಬಳಕೆಯಲ್ಲಿರುವ ಆಪತ್ಸೂಚಕ ಯಂತ್ರ, ಡ್ಯಾಟ್ ಎನ್ನುತ್ತಾರೆ, ಹೇಳುತ್ತದೆ. ಗುಂಡಿ ಒತ್ತಿದರೆ ಉಪಗ್ರಹದ ಮೂಲಕ ಬೆಂಗಳೂರಿನ ಕೇಂದ್ರಕ್ಕೆ, ಅಲ್ಲಿಂದ ಕರಾವಳಿ ರಕ್ಷಣಾ ಪಡೆಗೆ ಕೂಗು ಮುಟ್ಟುತ್ತದೆ. ಆದರೆ ಮುಟ್ಟಿತೋ ಇಲ್ಲವೋ ಎಂದು ದೋಣಿಯವನಿಗೆ ತಿಳಿಯುವಂತಿರಲಿಲ್ಲ. ೨೦೨೪ರ ಜನವರಿಯಲ್ಲಿ ಹೊರಬಂದ ಎರಡನೆಯ ತಲೆಮಾರಿನ ಡ್ಯಾಟ್ ಈ ಕೊರತೆ ತುಂಬಿದೆ. ನಿಮ್ಮ ಕೂಗು ಕೇಳಿಸಿತೆಂಬ ಮಾರುತ್ತರ ಕಡಲಿಗೇ ಬರುತ್ತದೆ. ಬೋಟಿನ ವಿ.ಎಚ್.ಎಫ್. ಕೇಳುವುದನ್ನೂ ಹೇಳುವುದನ್ನೂ ಬಲ್ಲದು, ಆದರೆ ಅದರ ಅಲೆ ಕಣ್ಣಳತೆಯ ಅಲೆ.

ಮಾರುತ್ತರದ ಬೆಲೆ ನಮಗಿಂತ ಚೆನ್ನಾಗಿ ಬಲ್ಲವರಾರು? ಮಾಣಿ 'ಎರಡು ಮಸಾಲೆ' ಎಂದು ಕೂಗಿದಾಗ ಒಳಗಿನಿಂದ 'ಎರಡು ಮಸಾಲೆ' ಎಂಬ ದನಿ ಬರದಿದ್ದರೆ ಆ ಆರ್ಡರು ಹೋಗಿಲ್ಲವೆಂದೇ ಲೆಕ್ಕ.

ಯಂತ್ರವಿದ್ದೂ ಕಿವಿಯಿಲ್ಲದಿದ್ದರೆ ಏನಾಗುವುದೆಂಬುದಕ್ಕೆ ಇತಿಹಾಸದಲ್ಲಿ ಸಾಕ್ಷಿಯಿದೆ. ೧೯೧೨ರ ಏಪ್ರಿಲ್ ೧೪ರ ನಡುರಾತ್ರಿ ಟೈಟಾನಿಕ್ ಮುಳುಗುತ್ತ ನಿಸ್ತಂತುವಿನಲ್ಲಿ ಮೊರೆಯಿಟ್ಟಿತು. ಸಮೀಪದಲ್ಲೇ ಕ್ಯಾಲಿಫೋರ್ನಿಯನ್ ಎಂಬ ಹಡಗಿತ್ತು, ಅದರಲ್ಲಿ ಯಂತ್ರವೂ ಇತ್ತು. ಆದರೆ ನಿಸ್ತಂತು ನೌಕರನಿದ್ದವನು ಒಬ್ಬನೇ. ದಿನದ ದುಡಿಮೆ ಮುಗಿಸಿ, ಯಂತ್ರ ಆರಿಸಿ ಮಲಗಿದ್ದ. ಅವನದು ತಪ್ಪೇ? ಒಬ್ಬನೇ ಮನುಷ್ಯ ಇಪ್ಪತ್ತನಾಲ್ಕು ಗಂಟೆ ಎಚ್ಚರವಿರಬಲ್ಲನೇ? ಸುಮಾರು ೧,೫೦೦ ಜನ ಸತ್ತರು. ೧೯೧೪ರ ಅಂತರರಾಷ್ಟ್ರೀಯ ಒಪ್ಪಂದ ದೊಡ್ಡ ಪ್ರಯಾಣಿಕ ಹಡಗುಗಳಲ್ಲಿ ಹಗಲಿರುಳೂ ಪಾಳಿಯ ಮೇಲೆ ಕಿವಿಗೊಡಬೇಕೆಂದು ವಿಧಿಸಿತು. ಪಾಳಿಗೆ ಇನ್ನೊಬ್ಬ ಮನುಷ್ಯ ಬೇಕೆಂದು ನಾವು ಕೇಳಿದಾಗ ಅದು ಸೋಮಾರಿಯ ಬೇಡಿಕೆಯಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ?

ಕೊನೆಯದಾಗಿ ತಮ್ಮಲ್ಲಿ ಒಂದು ಅರಿಕೆ. ನಮ್ಮಲ್ಲಿ ಅನೇಕರ ಅಣ್ಣತಮ್ಮಂದಿರು ಕಡಲಿನಲ್ಲಿದ್ದಾರೆ. ಈ ವಾರ ಊರಿಗೆ ಫೋನು ಮಾಡಿದಾಗ ನಾಲ್ಕು ಮಾತು ಕೇಳಿ. ಬೋಟಿನಲ್ಲಿ ಆಪತ್ಸೂಚಕ ಯಂತ್ರವಿದೆಯೇ? ಅದು ಮಾರುತ್ತರ ಪಡೆಯಬಲ್ಲದೇ? ಬ್ಯಾಟರಿ ನೋಡಿ ಎಷ್ಟು ದಿನವಾಯಿತು? ಗುಂಡಿ ಒತ್ತಲು ತಾಂಡೇಲರೊಬ್ಬರಿಗೇ ಬರುತ್ತದೆಯೋ, ಅಡಿಗೆಯ ಹುಡುಗನಿಗೂ ಬರುತ್ತದೆಯೋ? ಇಲ್ಲವೆಂದರೆ ಬೋಟಿನ ಧನಿಗಳನ್ನು ಎಲ್ಲರೂ ಸೇರಿ ಕೇಳಲಿ. ಒಬ್ಬನ ದನಿ ನಲವತ್ತು ಕಿಲೋಮೀಟರು ಹೋಗದಿರಬಹುದು, ಹತ್ತು ಜನರದ್ದು ಧನಿಗಳ ಮನೆಗೆ ಮುಟ್ಟೀತು. ಮತ್ತು ದಡದಲ್ಲಿರುವ ಹೆಂಗಸರಿಗೆ ಕರಾವಳಿ ರಕ್ಷಣಾ ಪಡೆಯ ೧೫೫೪ ಎಂಬ ನಂಬರನ್ನು ಗೋಡೆಯ ಮೇಲೆ ಬರೆದಿಡಲು ಹೇಳಿ. ನನ್ನ ಅಕ್ಕನಿಗೆ ಆ ದಿನ ಅದು ಗೊತ್ತಿರಲಿಲ್ಲ, ನನಗೂ ಗೊತ್ತಿರಲಿಲ್ಲ.

ನಾಳೆ ಬೆಳಿಗ್ಗೆ ಐದಕ್ಕೆ ತಾವೆಲ್ಲ ಒಲೆಯ ಮುಂದಿರಬೇಕು. ಪ್ರಶ್ನೆಗಳಿದ್ದರೆ ಕೇಳಿ. ಮಾತು ಮುಟ್ಟಿತೆಂದು ನನಗೂ ತಿಳಿಯಬೇಕಲ್ಲವೇ?